ಇರುಳಿನ ಅಳತೆ: ಮೆಲಟೋನಿನ್ ಮತ್ತು ಗಂಡು ಪ್ರಾಣಿಗಳ ಸಂತಾನಕಾಲ

ನಮ್ಮ ಬಯಲುಸೀಮೆಯ ಕುರಿಹಿಂಡುಗಳಲ್ಲಿ ಮರಿಗಳು ಹುಟ್ಟುವುದಕ್ಕೆ ಇಂಥದೇ ತಿಂಗಳೆಂಬ ಕಟ್ಟುಪಾಡಿಲ್ಲ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಊರುಗಳಲ್ಲಿ ಕುರಿ ಸಾಕುವವರಿಗೆ ಇದು ಹೊಸ ಸಂಗತಿಯಲ್ಲ. ಮೇವು ಹುಲುಸಾಗಿರುವ ಕಾಲದಲ್ಲಿ ಕುರಿಗಳು ಹೆಚ್ಚಾಗಿ ಬೆದೆಗೆ ಬರುತ್ತವೆ, ಬರಗಾಲದಲ್ಲಿ ಕಡಮೆಯಾಗುತ್ತದೆ. ಆದರೆ ಟಗರು ಮಾತ್ರ ವರ್ಷದ ಯಾವ ತಿಂಗಳಿನಲ್ಲಿಯೂ ತನ್ನ ಪುಂಸ್ತ್ವವನ್ನು ಪೂರ್ತಿಯಾಗಿ ಕಳೆದುಕೊಂಡು ಕೂರುವುದಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಮುದ್ರದ ನಡುವೆ ಸೇಂಟ್ ಕಿಲ್ಡ ಎಂಬ ದ್ವೀಪಸಮೂಹವಿದೆ. ಅಲ್ಲಿನ ಸೋಯೆ ಎಂಬ ತಳಿಯ ಕುರಿಗಳ ರೀತಿಯೇ ಬೇರೆ. ಅಲ್ಲಿ ಟಗರುಗಳ ಕಾದಾಟವೂ ಕೂಡಿಕೆಯೂ ನವೆಂಬರ್ ತಿಂಗಳ ಸುಮಾರಿಗೆ ನಡೆಯುತ್ತವೆ. ಮರಿಗಳು ಹುಟ್ಟುವುದು ಏಪ್ರಿಲ್ ಸುಮಾರಿಗೆ. ವಸಂತಋತುವಿನ ಹೊತ್ತಿಗೆ ಟಗರಿನ ವೃಷಣಗಳು ಕುಗ್ಗಿ, ರಕ್ತದಲ್ಲಿ ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನು ತಗ್ಗಿ, ಪ್ರಾಣಿ ಸಾಧುವಾಗಿಬಿಡುತ್ತದೆ. ಮತ್ತೆ ಶರತ್ಕಾಲ ಬಂತೆಂದರೆ ಎಲ್ಲವೂ ಹಿಂದಿನಂತೆಯೇ.

ಪ್ರಾಣಿ ಒಂದೇ, ನಡತೆ ಎರಡು. ಇದಕ್ಕೆ ಕಾರಣವನ್ನು ಹುಡುಕಿ ಹೊರಟರೆ ನಾವು ತಲುಪುವುದು ಮಿದುಳಿನ ನಡುವೆ ಅಡಗಿರುವ ಒಂದು ಪುಟ್ಟ ಗ್ರಂಥಿಯನ್ನು. ಮತ್ತು ಅದು ಇರುಳಿನಲ್ಲಿ ಮಾತ್ರ ಹೇರಳವಾಗಿ ಸ್ರವಿಸುವ ಮೆಲಟೋನಿನ್ ಎಂಬ ವಸ್ತುವನ್ನು.

ಎರಡು ಊರು, ಎರಡು ಬಗೆಯ ಇರುಳು

ಕುರಿಯ ಗರ್ಭಾವಧಿ ಸುಮಾರು ೧೫೦ ದಿನ, ಎಂದರೆ ಐದು ತಿಂಗಳು. ಶೀತದೇಶದಲ್ಲಿ ಹುಲ್ಲು ಚಿಗುರುವ ವಸಂತದಲ್ಲಿ ಮರಿ ಹುಟ್ಟಬೇಕಾದರೆ ಕೂಡಿಕೆ ಹಿಂದಿನ ಶರತ್ಕಾಲದಲ್ಲಿಯೇ ನಡೆಯಬೇಕು. ಅಷ್ಟೇ ಅಲ್ಲ. ಟಗರಿನ ವೃಷಣದಲ್ಲಿ ಒಂದು ಶುಕ್ರಾಣು ಮೊದಲಿನಿಂದ ಕೊನೆಯವರೆಗೆ ರೂಪುಗೊಳ್ಳಲು ಸುಮಾರು ಏಳು ವಾರಗಳು ಬೇಕು. ಆದುದರಿಂದ ಗಂಡಿನ ಸಿದ್ಧತೆ ಕೂಡಿಕೆಗಿಂತಲೂ ಮುಂಚೆಯೇ ಮೊದಲಾಗಬೇಕು. ಇನ್ನು ಏಳು ತಿಂಗಳ ಮೇಲೆ ಬರಲಿರುವ ಹುಲ್ಲಿನ ಸುದ್ದಿಯನ್ನು ಟಗರಿಗೆ ಈಗಲೇ ತಿಳಿಸುವವರು ಯಾರು? ಚಳಿಯೇ? ಚಳಿ ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ತಡವಾಗುತ್ತದೆ. ಮೇವೇ? ಅದೂ ಹಾಗೆಯೇ. ಒಂದು ನಿರ್ದಿಷ್ಟ ಸ್ಥಳದಲ್ಲಿ ವರ್ಷ ವರ್ಷವೂ ತಪ್ಪದೆ ಅದೇ ದಿನ ಅದೇ ಪ್ರಮಾಣದಲ್ಲಿ ಬರುವುದು ಇರುಳಿನ ಉದ್ದವೊಂದೇ.

ಎಡಿನ್‌ಬರೊ ನಗರ ಸಮಭಾಜಕದಿಂದ ಉತ್ತರಕ್ಕೆ ಸುಮಾರು ೫೬ ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಸುಮಾರು ಹದಿನೇಳೂವರೆ ಗಂಟೆ; ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ಸುಮಾರು ಏಳು ಗಂಟೆ. ವ್ಯತ್ಯಾಸ ಹತ್ತೂವರೆ ಗಂಟೆ. ದಾವಣಗೆರೆ ಸುಮಾರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಲೋಕಿಕೆರೆಯೂ ಹೆಚ್ಚುಕಡಮೆ ಅಲ್ಲಿಯೇ. ಇಲ್ಲಿಯ ಅತಿ ದೀರ್ಘ ಹಗಲು ಸುಮಾರು ಹದಿಮೂರು ಗಂಟೆ, ಅತಿ ಚಿಕ್ಕ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ವ್ಯತ್ಯಾಸ ಒಂದೂಮುಕ್ಕಾಲು ಗಂಟೆ ಮಾತ್ರ. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವು ಬೇಕಾಗುತ್ತವೆ.

ಪೀನಿಯಲ್ ಗ್ರಂಥಿ

ಮಿದುಳಿನ ಎರಡು ಅರ್ಧಗಳ ನಡುವೆ, ಹಿಂಭಾಗದ ಕಡೆಗೆ, ಪೀನಿಯಲ್ ಎಂಬ ಗ್ರಂಥಿಯಿದೆ. ಪೈನ್ ಮರದ ಕಾಯಿಯ ಆಕಾರದಲ್ಲಿರುವುದರಿಂದ ಅದಕ್ಕೆ ಆ ಹೆಸರು. ಮನುಷ್ಯನಲ್ಲಿ ಅದು ಒಂದು ಕಾಳಿಗಿಂತ ದೊಡ್ಡದಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಇದನ್ನೇ ಆತ್ಮದ ಮುಖ್ಯ ನೆಲೆಯೆಂದು ಭಾವಿಸಿದ್ದನು. ಕೆಳವರ್ಗದ ಕೆಲವು ಪ್ರಾಣಿಗಳಲ್ಲಿ ಇದರ ಬಳಗದ ಅಂಗವೊಂದು ಬೆಳಕನ್ನು ನೇರವಾಗಿ ಗ್ರಹಿಸುತ್ತದೆ. ನಮ್ಮ ಬೇಲಿಗಳ ಮೇಲೆ ತಲೆಯಾಡಿಸುತ್ತ ಕೂರುವ ಓತಿಕೇತದ ನೆತ್ತಿಯ ಮೇಲೆ ಇಂಥ ಮೂರನೆಯ ಕಣ್ಣೊಂದು ಉಂಟು.

ಸಸ್ತನಿಗಳ ಪೀನಿಯಲ್ ಗ್ರಂಥಿಗೆ ಬೆಳಕು ನೇರವಾಗಿ ಕಾಣದು. ಸುದ್ದಿ ಅಲ್ಲಿಗೆ ಸುತ್ತುಬಳಸಿನ ದಾರಿಯಿಂದ ಬರುತ್ತದೆ. ಕಣ್ಣಿನ ಅಕ್ಷಿಪಟಲದಿಂದ ಹೊರಟ ಸೂಚನೆ ಮೊದಲು ಮಿದುಳಿನ ತಳದ ಒಂದು ಜೊತೆ ಪುಟ್ಟ ನರಕೇಂದ್ರಗಳನ್ನು ಸೇರುತ್ತದೆ. ಶರೀರದ ದಿನಚರಿಯನ್ನು ನಡೆಸುವ ಗಡಿಯಾರ ಅಲ್ಲಿದೆ. ಅಲ್ಲಿಂದ ಸೂಚನೆ ಬೆನ್ನುಹುರಿಗಿಳಿದು, ಕತ್ತಿನಲ್ಲಿರುವ ನರಗಂಟಿನ ಮೂಲಕ ಮತ್ತೆ ಮೇಲೇರಿ ಪೀನಿಯಲ್ ಗ್ರಂಥಿಯನ್ನು ಮುಟ್ಟುತ್ತದೆ. ಇರುಳಾದಾಗ ಈ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಆಗ ಗ್ರಂಥಿಯ ಕಣಗಳು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಮೊದಲು ಸೆರೊಟೋನಿನ್ನನ್ನೂ ಅದರಿಂದ ಮೆಲಟೋನಿನ್ನನ್ನೂ ತಯಾರಿಸುತ್ತವೆ. ಮೆಲಟೋನಿನ್ ಗ್ರಂಥಿಯಲ್ಲಿ ಕೂಡಿಟ್ಟಿರುವ ವಸ್ತುವಲ್ಲ. ಆದಂತೆ ಆದಂತೆ ರಕ್ತಕ್ಕೆ ಸೇರಿ, ಬೇಗನೆ ಯಕೃತ್ತಿನಲ್ಲಿ ನಾಶವಾಗುತ್ತದೆ. ಬೆಳಕು ಹರಿದಾಗ ತಯಾರಿಕೆ ನಿಲ್ಲುತ್ತದೆ. ಹೀಗಾಗಿ ರಕ್ತದಲ್ಲಿ ಮೆಲಟೋನಿನ್ ಎಷ್ಟು ಹೊತ್ತು ಹೆಚ್ಚಾಗಿತ್ತೋ ಇರುಳೂ ಹೆಚ್ಚುಕಡಮೆ ಅಷ್ಟೇ ಹೊತ್ತು ಇತ್ತೆಂದು ಶರೀರ ತಿಳಿಯಬಹುದು.

ಈ ವಸ್ತುವಿನ ಶೋಧ ಚರ್ಮದ ಅಧ್ಯಯನದಿಂದಾಯಿತು. ದನಗಳ ಪೀನಿಯಲ್ ಗ್ರಂಥಿಯ ಸಾರವನ್ನು ಸೇವಿಸಿದ ಕಪ್ಪೆಯ ಮರಿಗಳ ಮೈಬಣ್ಣ ತಿಳಿಯಾಗುವುದನ್ನು ಅಮೆರಿಕದ ಮೆಕಾರ್ಡ್ ಮತ್ತು ಆಲೆನ್ ೧೯೧೭ರಲ್ಲಿ ವರದಿ ಮಾಡಿದ್ದರು. ಆ ಕೆಲಸ ಮಾಡುವ ವಸ್ತು ಯಾವುದೆಂಬುದನ್ನು ಯೇಲ್ ವಿಶ್ವವಿದ್ಯಾನಿಲಯದ ಚರ್ಮರೋಗತಜ್ಞ ಏರನ್ ಲರ್ನರ್ ಮತ್ತು ಸಹೋದ್ಯೋಗಿಗಳು ಸಾವಿರ ಸಾವಿರ ದನಗಳ ಗ್ರಂಥಿಗಳಿಂದ ಬೇರ್ಪಡಿಸಿ ೧೯೫೮ರಲ್ಲಿ ಪ್ರಕಟಿಸಿದರು. ಅದಕ್ಕೆ ಮೆಲಟೋನಿನ್ ಎಂಬ ಹೆಸರನ್ನೂ ಇಟ್ಟರು.

ಹ್ಯಾಮ್‌ಸ್ಟರಿನ ಸಾಕ್ಷ್ಯ

ಈ ಗ್ರಂಥಿಗೂ ಜನನಾಂಗಗಳಿಗೂ ಸಂಬಂಧವಿರಬಹುದೆಂಬ ಊಹೆ ಇದಕ್ಕಿಂತ ಹಳೆಯದು. ೧೮೯೮ರಲ್ಲಿ ಜರ್ಮನಿಯ ವೈದ್ಯ ಹ್ಯೂಬ್ನರ್, ಪೀನಿಯಲ್ ಗ್ರಂಥಿಯಲ್ಲಿ ಗೆಡ್ಡೆ ಬೆಳೆದಿದ್ದ ಒಬ್ಬ ಪುಟ್ಟ ಬಾಲಕನಲ್ಲಿ ಅಕಾಲದಲ್ಲಿ ಯೌವನದ ಚಿಹ್ನೆಗಳು ಕಾಣಿಸಿಕೊಂಡುದನ್ನು ವಿವರಿಸಿದ್ದನು. ಗ್ರಂಥಿ ಕೆಟ್ಟುದರಿಂದ ಯೌವನದ ಮೇಲಿನ ಕಡಿವಾಣ ಸಡಿಲಿತೆಂದು ಅನೇಕರು ಭಾವಿಸಿದರು. ಇಂಥ ಗೆಡ್ಡೆಗಳಲ್ಲಿ ಕೆಲವು ತಾವೇ ವೃಷಣವನ್ನು ಚೋದಿಸುವ ಹಾರ್ಮೋನನ್ನು ಸ್ರವಿಸುತ್ತವೆಂಬುದು ಎಷ್ಟೋ ವರ್ಷಗಳ ಮೇಲೆ ತಿಳಿದುಬಂದಿತು.

ಖಚಿತವಾದ ಪ್ರಯೋಗ ನಡೆದುದು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಮೇಲೆ. ಇದು ಇಲಿಯ ಬಳಗದ್ದು. ಕೆನ್ನೆಯ ಚೀಲಗಳಲ್ಲಿ ಕಾಳು ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತದೆ. ೧೯೬೫ರಲ್ಲಿ ಅಮೆರಿಕದ ಹಾಫ್‌ಮನ್ ಮತ್ತು ರೈಟರ್ ಗಂಡು ಹ್ಯಾಮ್‌ಸ್ಟರುಗಳನ್ನು ದಿನಕ್ಕೆ ಒಂದೇ ಗಂಟೆ ಬೆಳಕು, ಇಪ್ಪತ್ತಮೂರು ಗಂಟೆ ಕತ್ತಲೆ ಇರುವಂತೆ ಸಾಕಿದರು. ಕೆಲವು ವಾರಗಳಲ್ಲಿ ಅವುಗಳ ವೃಷಣಗಳು ಕುಗ್ಗಿ ಸಹಜ ತೂಕದ ಒಂದು ಸಣ್ಣ ಪಾಲಿಗೆ ಇಳಿದವು. ಆದರೆ ಪೀನಿಯಲ್ ಗ್ರಂಥಿಯನ್ನು ಮೊದಲೇ ತೆಗೆದುಹಾಕಿದ್ದ ಪ್ರಾಣಿಗಳಲ್ಲಿ, ಅದೇ ಕತ್ತಲೆಯಲ್ಲಿದ್ದರೂ, ವೃಷಣಗಳು ಕುಗ್ಗಲಿಲ್ಲ.

ಇದನ್ನು ಕಂಡ ಮೇಲೆ ಪೀನಿಯಲ್ ಗ್ರಂಥಿ ಪುಂಸ್ತ್ವವನ್ನು ಅಡಗಿಸುವ ಅಂಗ, ಮೆಲಟೋನಿನ್ ಅದರ ಅಸ್ತ್ರ ಎಂಬ ತೀರ್ಮಾನ ಸುಲಭವಾಗಿ ಹೊಳೆಯುತ್ತದೆ. ಇಂದಿಗೂ ಕೆಲವು ಕಡೆ ಈ ಮಾತನ್ನು ಕೇಳುತ್ತೇವೆ. ಆದರೆ ಟಗರನ್ನು ಸಾಕ್ಷಿಗೆ ಕರೆದೊಡನೆ ಈ ತೀರ್ಮಾನ ನಿಲ್ಲುವುದಿಲ್ಲ.

ಟಗರಿನ ಪ್ರತಿಸಾಕ್ಷ್ಯ

ಎಡಿನ್‌ಬರೊದಲ್ಲಿ ಜೆರಾಲ್ಡ್ ಲಿಂಕನ್ ಎಂಬ ವಿಜ್ಞಾನಿ ೧೯೭೦ರ ದಶಕದಿಂದ ಸೋಯೆ ಟಗರುಗಳನ್ನು ಕೃತಕ ಬೆಳಕಿನಲ್ಲಿ ಸಾಕಿ ಪರೀಕ್ಷಿಸಿದನು. ಕೆಲವು ವಾರ ಹದಿನಾರು ಗಂಟೆಯ ಹಗಲು, ಎಂಟು ಗಂಟೆಯ ಇರುಳು. ಆಮೇಲೆ ಕೆಲವು ವಾರ ಇದಕ್ಕೆ ತಿರುಗುಮುರುಗು. ಇರುಳನ್ನು ಉದ್ದ ಮಾಡಿದಾಗ ವೃಷಣಗಳು ಬೆಳೆದವು, ಟೆಸ್ಟೋಸ್ಟೆರೋನ್ ಏರಿತು, ಟಗರುಗಳು ಹಾಯತೊಡಗಿದವು. ಇರುಳನ್ನು ಚಿಕ್ಕದು ಮಾಡಿದಾಗ ಎಲ್ಲವೂ ಇಳಿಯಿತು. ಹ್ಯಾಮ್‌ಸ್ಟರಿನಲ್ಲಿ ಕಂಡುದಕ್ಕೆ ಇದು ನೇರ ವಿರುದ್ಧ! ಪೀನಿಯಲ್ ಗ್ರಂಥಿಗೆ ಹೋಗುವ ಕತ್ತಿನ ನರಗಂಟನ್ನು ತೆಗೆದ ಟಗರುಗಳು ಹಗಲಿರುಳಿನ ಬದಲಾವಣೆಯನ್ನು ಅನುಸರಿಸಲಾರದೆ ಹೋದವು. ಎಂದರೆ ಇಲ್ಲಿಯೂ ಸುದ್ದಿ ಬರುವುದು ಅದೇ ದಾರಿಯಿಂದ.

ಉದ್ದವಾದ ಇರುಳು, ದೀರ್ಘಕಾಲದ ಮೆಲಟೋನಿನ್: ಒಂದು ಪ್ರಾಣಿಯಲ್ಲಿ ಅದರಿಂದ ವೃಷಣ ಕುಗ್ಗುತ್ತದೆ, ಇನ್ನೊಂದರಲ್ಲಿ ಬೆಳೆಯುತ್ತದೆ. ಈ ವಿರೋಧಾಭಾಸದ ಗುಟ್ಟು ಗರ್ಭಾವಧಿಯಲ್ಲಿದೆ. ಹ್ಯಾಮ್‌ಸ್ಟರಿನ ಗರ್ಭಾವಧಿ ಕೇವಲ ಹದಿನಾರು ದಿನ. ಬೆಚ್ಚನೆಯ ಕಾಲದಲ್ಲಿ ಕೂಡಿದರೆ ಬೆಚ್ಚನೆಯ ಕಾಲದಲ್ಲಿಯೇ ಮರಿ. ಕುರಿಗೆ ಬೇಕಾದುದು ಐದು ತಿಂಗಳು. ಅದು ಮುಂಚೆಯೇ ಹೊರಡಬೇಕು. ಇಬ್ಬರ ಗುರಿಯೂ ಒಂದೇ: ಮರಿ ಹುಟ್ಟಿದಾಗ ಆಹಾರ ಸಮೃದ್ಧವಾಗಿರಬೇಕು. ಮೆಲಟೋನಿನ್ ಹೇಳುವುದು “ಇರುಳು ಇಷ್ಟು ಉದ್ದವಾಗಿದೆ” ಎಂಬ ಸಮಾಚಾರವನ್ನು ಮಾತ್ರ. ಅದನ್ನು ಕೇಳಿ ಏನು ಮಾಡಬೇಕೆಂಬುದನ್ನು ನಿರ್ಣಯಿಸುವುದು ಆಯಾ ಪ್ರಾಣಿಜಾತಿಯ ಮಿದುಳು.

ಎಷ್ಟು ಹೊತ್ತು ಎಂಬುದೇ ಮುಖ್ಯ

ಈ ಸಮಾಚಾರದ ಭಾಷೆಯನ್ನು ಬಿಡಿಸಿದ ಪ್ರಯೋಗಗಳೂ ಸ್ವಾರಸ್ಯವಾಗಿವೆ. ೧೯೭೬ರಲ್ಲಿ ಟಮಾರ್ಕಿನ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರುಗಳಿಗೆ ದಿನವೂ ಮೆಲಟೋನಿನ್ ಚುಚ್ಚಿ ನೋಡಿದರು. ಬೆಳಿಗ್ಗೆ ಚುಚ್ಚಿದಾಗ ಜನನಾಂಗಗಳಲ್ಲಿ ಬದಲಾವಣೆಯಿಲ್ಲ. ಅದೇ ಪ್ರಮಾಣವನ್ನು ಮಧ್ಯಾಹ್ನದ ಕೊನೆಗೆ ಚುಚ್ಚಿದಾಗ ಅವು ಕುಗ್ಗಿದವು. ಸಂಜೆಯ ಚುಚ್ಚುಮದ್ದು ಪ್ರಾಣಿಯ ಸ್ವಂತ ಇರುಳಿನ ಸ್ರಾವದೊಡನೆ ಸೇರಿಕೊಂಡು ಇರುಳನ್ನು ಮುಂಚಿತವಾಗಿ ಆರಂಭಿಸಿದಂತಾಯಿತೆಂದು ಇದನ್ನು ವಿವರಿಸಬಹುದು. ೧೯೮೩ರಲ್ಲಿ ಕಾರ್ಟರ್ ಮತ್ತು ಗೋಲ್ಡ್‌ಮನ್ ಇನ್ನೂ ಸ್ಪಷ್ಟವಾದ ಪ್ರಮಾಣ ಒದಗಿಸಿದರು. ಪೀನಿಯಲ್ ಗ್ರಂಥಿ ತೆಗೆದ ಎಳೆಯ ಗಂಡು ಸೈಬೀರಿಯನ್ ಹ್ಯಾಮ್‌ಸ್ಟರುಗಳಿಗೆ ಸಣ್ಣ ನಳಿಕೆಯಿಂದ ಮೆಲಟೋನಿನ್ನನ್ನು ದಿನವೂ ಗೊತ್ತಾದ ಕಾಲ ಹರಿಸಿದರು. ನಾಲ್ಕಾರು ಗಂಟೆ ಹರಿಸಿದಾಗ ವೃಷಣಗಳು ಬೆಳೆದವು. ಎಂಟು ಗಂಟೆ ಮತ್ತು ಮೇಲ್ಪಟ್ಟು ಹರಿಸಿದಾಗ ಬೆಳವಣಿಗೆ ತಡೆಯಿತು. ಪ್ರಮಾಣಕ್ಕಿಂತ ಅವಧಿಯೇ ನಿರ್ಣಾಯಕವೆಂದು ಇದರಿಂದ ವ್ಯಕ್ತವಾಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಪ್ರಯೋಗಶಾಲೆಗಳಲ್ಲಿ ಸಾಕುವ ಬಿಳಿಯ ಹಾಗೂ ಕಪ್ಪು ಸುಂಡಿಲಿಗಳ ಅನೇಕ ತಳಿಗಳಲ್ಲಿ ಮೆಲಟೋನಿನ್ ತಯಾರಿಸುವ ಕಿಣ್ವ ಆನುವಂಶಿಕವಾಗಿಯೇ ಕೆಟ್ಟಿರುತ್ತದೆ. ಆದರೂ ಅವು ವರ್ಷವಿಡೀ ಧಾರಾಳವಾಗಿ ಸಂತಾನ ಪಡೆಯುತ್ತವೆ. ಆದುದರಿಂದ ಗಂಡು ಪ್ರಾಣಿ ತಂದೆಯಾಗಲು ಮೆಲಟೋನಿನ್ ಅನಿವಾರ್ಯವಲ್ಲ. ಯಾವ ಕಾಲದಲ್ಲಿ ತಂದೆಯಾಗಬೇಕೆಂಬುದಕ್ಕೆ ಮಾತ್ರ ಅದರ ನೆರವು.

ಮಿದುಳಿನಿಂದ ವೃಷಣಕ್ಕೆ

ಸಮಾಚಾರ ವೃಷಣವನ್ನು ತಲುಪುವ ಬಗೆ ಹೇಗೆ? ಮಿದುಳಿನ ಕೆಳಗೆ ತೊಟ್ಟಿನಲ್ಲಿ ತೂಗುವ ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಸುತ್ತಣ ಪದರದಲ್ಲಿ ಮೆಲಟೋನಿನ್ನನ್ನು ಗುರುತಿಸುವ ಗ್ರಾಹಕಗಳು ದಟ್ಟವಾಗಿವೆ. ಇರುಳು ಚಿಕ್ಕದಾಗಿದ್ದಾಗ ಆ ಪದರದ ಕಣಗಳು ಥೈರಾಯ್ಡ್ ಚೋದಕವೊಂದನ್ನು ತಯಾರಿಸುತ್ತವೆ. ಅದು ಪಕ್ಕದ ಹೈಪೊಥಲಾಮಸ್ ಭಾಗದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹೆಚ್ಚು ಕ್ರಿಯಾಶೀಲ ರೂಪಕ್ಕೆ ತಿರುಗಿಸುತ್ತದೆ. ಇರುಳು ಉದ್ದವಾದಾಗ ಮೆಲಟೋನಿನ್ ಈ ಚೋದಕವನ್ನು ತಡೆಯುತ್ತದೆ. ಈ ಸರಪಣಿ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೆಳಕಿಗೆ ಬಂದಿತು. ಗಮನಾರ್ಹವಾದುದೆಂದರೆ, ಇಲ್ಲಿಯವರೆಗೆ ಹ್ಯಾಮ್‌ಸ್ಟರಿಗೂ ಕುರಿಗೂ ಭೇದವಿಲ್ಲ. ಇಬ್ಬರಲ್ಲೂ ಸಮಾಚಾರವನ್ನು ಓದುವ ರೀತಿ ಒಂದೇ; ಮುಂದಿನ ಹೆಜ್ಜೆಯಲ್ಲಿ ದಾರಿಗಳು ಕವಲೊಡೆಯುತ್ತವೆ.

ಆ ಹೆಜ್ಜೆಯಲ್ಲಿ ಹೈಪೊಥಲಾಮಸ್ಸಿನ ಕೆಲವು ನರಕಣಗಳು ಪಿಟ್ಯುಟರಿ ಗ್ರಂಥಿಗೆ ಚೋದಕವನ್ನು ಮಿಡಿಮಿಡಿಯಾಗಿ ಕಳುಹಿಸುತ್ತವೆ. ಮಿಡಿತ ಚುರುಕಾದರೆ ಪಿಟ್ಯುಟರಿಯಿಂದ ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಮೊದಲನೆಯದು ವೃಷಣದ ಲೈಡಿಗ್ ಕಣಗಳಿಂದ ಟೆಸ್ಟೋಸ್ಟೆರೋನ್ ಬರಿಸುತ್ತದೆ. ಎರಡನೆಯದು ಶುಕ್ರಾಣುಗಳನ್ನು ಪೋಷಿಸುವ ಸರ್ಟೋಲಿ ಕಣಗಳನ್ನು ಪ್ರಚೋದಿಸುತ್ತದೆ. ಮಿಡಿತ ಮಂದವಾದರೆ ವೃಷಣ ಕುಗ್ಗುತ್ತದೆ. ಕೆಲವು ಪ್ರಾಣಿಗಳ ವೃಷಣದಲ್ಲಿಯೇ ಮೆಲಟೋನಿನ್ ಗ್ರಾಹಕಗಳು ಇರುವುದೂ, ಆಕ್ಸಿಜನ್ನಿನ ಉಗ್ರ ರೂಪಗಳಿಂದ ಶುಕ್ರಾಣುಗಳಿಗಾಗುವ ಹಾನಿಯನ್ನು ಮೆಲಟೋನಿನ್ ತಗ್ಗಿಸಬಲ್ಲುದೆಂಬುದೂ ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಋತುಮಾನದ ಮುಖ್ಯ ನಿಯಂತ್ರಣ ಮಿದುಳಿನ ದಾರಿಯದೇ.

ನಮ್ಮ ನಾಡಿನ ಟಗರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳಲ್ಲಿ ಹರಡಿರುವ ಬಳ್ಳಾರಿ ತಳಿಯ ಟಗರಿಗೂ ಪೀನಿಯಲ್ ಗ್ರಂಥಿಯಿದೆ. ಇರುಳಿನಲ್ಲಿ ಮೆಲಟೋನಿನ್ ಬರುತ್ತದೆ. ಆದರೆ ಇಲ್ಲಿ ಇರುಳು ವರ್ಷದಲ್ಲಿ ಹಿಗ್ಗಿ ಕುಗ್ಗುವುದು ಒಂದೂಮುಕ್ಕಾಲು ಗಂಟೆ ಮಾತ್ರ. ಸಮಾಚಾರದಲ್ಲಿ ಹೆಚ್ಚಿನ ಹೊಸತಿಲ್ಲ. ಮೇಲಾಗಿ ಇಲ್ಲಿ ಹುಲ್ಲನ್ನು ಚಿಗುರಿಸುವುದು ಮಳೆ. ಇರುಳಿನ ಲೆಕ್ಕ ತಪ್ಪುವುದಿಲ್ಲ, ಮಳೆಯ ಲೆಕ್ಕ ತಪ್ಪುತ್ತದೆ. ಇರುಳನ್ನು ಮಾತ್ರ ನಂಬಿ ನಡೆಯುವ ಪ್ರಾಣಿ ನಮ್ಮ ಬಯಲಿನಲ್ಲಿ ಎಷ್ಟೋ ವರ್ಷ ಮೋಸಹೋಗಬೇಕಾಗುತ್ತದೆ. ಉಷ್ಣವಲಯದ ಕುರಿಗಳು ಸಾಮಾನ್ಯವಾಗಿ ಹಗಲಿರುಳಿಗಿಂತ ಮೇವಿಗೆ ಹೆಚ್ಚು ಕಿವಿಗೊಡುವುದರಲ್ಲಿ ಆಶ್ಚರ್ಯವಿಲ್ಲ.

ಭಾರತದಲ್ಲಿ ಎಲ್ಲ ಪ್ರಾಣಿಗಳೂ ಹೀಗೆಯೇ ಎನ್ನುವಂತಿಲ್ಲ. ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞೆ ಚಂದನಾ ಹಾಲ್ದಾರ್ ಮತ್ತು ಸಂಗಡಿಗರು ಉತ್ತರ ಭಾರತದ ಐದು ಪಟ್ಟೆಯ ಅಳಿಲನ್ನು ದೀರ್ಘಕಾಲ ಅಭ್ಯಾಸ ಮಾಡಿದರು. ಅದರಲ್ಲಿ ಮೆಲಟೋನಿನ್ ಏರಿದ ಕಾಲದಲ್ಲಿ ಜನನಾಂಗಗಳು ಇಳಿದಿರುವುದನ್ನೂ, ಅದು ಇಳಿದ ಕಾಲದಲ್ಲಿ ಇವು ಏರಿರುವುದನ್ನೂ ತೋರಿಸಿದರು. ನಮ್ಮ ತೋಟಗಳಲ್ಲಿ ಓಡಾಡುವ ಮೂರು ಪಟ್ಟೆಯ ಅಳಿಲು ಅದರ ಹತ್ತಿರದ ನಂಟ.

ಈ ಜ್ಞಾನಕ್ಕೆ ವ್ಯಾವಹಾರಿಕ ಬೆಲೆಯೂ ಉಂಟು. ಆಸ್ಟ್ರೇಲಿಯ, ಸ್ಪೇನ್ ಮುಂತಾದ ದೇಶಗಳಲ್ಲಿ ೧೮ ಮಿಲಿಗ್ರಾಂ ಮೆಲಟೋನಿನ್ ಇರುವ ಚಿಕ್ಕ ಗುಳಿಗೆಯನ್ನು ಕುರಿಯ ಕಿವಿಯ ಬುಡದಲ್ಲಿ ಚರ್ಮದ ಕೆಳಗೆ ಇಡುತ್ತಾರೆ. ಅದು ವಾರಗಟ್ಟಲೆ ನಿಧಾನವಾಗಿ ಕರಗುತ್ತ, ಬೇಸಗೆಯಲ್ಲಿಯೇ ಉದ್ದವಾದ ಇರುಳು ಬಂದಿತೆಂಬ ಭಾವನೆಯನ್ನು ಉಂಟುಮಾಡುತ್ತದೆ. ಕೂಡಿಕೆಯ ಕಾಲ ಮುಂದಕ್ಕೆ ಬಂದು ರೈತನಿಗೆ ಮರಿಗಳು ಬೇಗ ದೊರೆಯುತ್ತವೆ. ಲೋಕಿಕೆರೆಯ ಕುರಿಗಾರನಿಗೂ ಇದು ಬೇಕೆ? ಬೇಸಗೆಯಲ್ಲಿ ಮಲಗಿ ಚಳಿಗಾಲದಲ್ಲಿ ಏಳುವ ಟಗರಿಗೆ ಈ ಉಪಾಯ. ಎಂದೂ ಪೂರ್ತಿ ಮಲಗದ ಟಗರಿಗೆ ಅದರಿಂದ ಅಂಥ ಪ್ರಯೋಜನವನ್ನು ನಿರೀಕ್ಷಿಸಲಾಗದು.

ಇಲ್ಲಿ ಹಣ ಹಾಕಬೇಕಾದುದು ಮೇವಿಗೆ, ನೆರಳಿಗೆ. ಪಶ್ಚಿಮ ಆಸ್ಟ್ರೇಲಿಯದ ಮೆರಿನೊ ಟಗರುಗಳಿಗೆ ಪ್ರೋಟೀನು ಹೆಚ್ಚಾಗಿರುವ ಲೂಪಿನ್ ಕಾಳನ್ನು ತಿನ್ನಿಸಿದಾಗ ಕೆಲವೇ ವಾರಗಳಲ್ಲಿ ವೃಷಣಗಳು ಗಾತ್ರದಲ್ಲಿ ಬೆಳೆದುದು ಸುವಿದಿತ. ವೃಷಣಗಳು ಶರೀರಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕೆಂಬುದೂ ತಿಳಿದ ವಿಷಯವೇ. ಏಪ್ರಿಲ್ ಬಿಸಿಲಿನಲ್ಲಿ ಬೆಂದ ಟಗರಿನ ಶುಕ್ರಾಣುಗಳಲ್ಲಿ ಆದ ಹಾನಿ, ಏಳು ವಾರಗಳ ಲೆಕ್ಕದಂತೆ, ಮುಂಗಾರು ಕಾಲೂರುವ ಜೂನ್ ತಿಂಗಳಿನಲ್ಲಿಯೂ ಉಳಿದಿರಬಹುದು. ಕುರಿಗಳು ಬೆದೆಗೆ ಬರುವ ಕಾಲದಲ್ಲಿ ಟಗರು ಸಿದ್ಧವಾಗಿರಬೇಕಾದರೆ ಅದರ ಆರೈಕೆ ಎರಡು ತಿಂಗಳು ಮುಂಚೆಯೇ ಮೊದಲಾಗಬೇಕು.

ಮನುಷ್ಯನಲ್ಲಿ ಹೇಗೆ?

ಮನುಷ್ಯನಿಗೂ ಇರುಳಿನಲ್ಲಿ ಮೆಲಟೋನಿನ್ ಏರುತ್ತದೆ. ಪ್ರಖರವಾದ ಬೆಳಕು ಅದನ್ನು ತಗ್ಗಿಸುವುದೆಂದು ೧೯೮೦ರಲ್ಲಿ ಲೂಯಿ ಮತ್ತು ಸಂಗಡಿಗರು ೨,೫೦೦ ಲಕ್ಸ್ ಬೆಳಕಿನಿಂದ ತೋರಿಸಿದರು. ಮನೆಯ ದೀಪಗಳಂಥ ಸಾಧಾರಣ ಬೆಳಕೂ ಸ್ವಲ್ಪಮಟ್ಟಿಗೆ ಹೀಗೆ ಮಾಡಬಲ್ಲುದೆಂದು ಆಮೇಲೆ ಗೊತ್ತಾಯಿತು. ಆದರೆ ಮನುಷ್ಯ ಋತುವನ್ನು ಕಾದು ಸಂತಾನ ಪಡೆಯುವ ಪ್ರಾಣಿಯಲ್ಲ. ಮಕ್ಕಳಲ್ಲಿ ಇರುಳಿನ ಮೆಲಟೋನಿನ್ ಹೆಚ್ಚಾಗಿದ್ದು ಬೆಳೆದಂತೆ ಇಳಿಯುವುದು ನಿಜ. ಅದೇ ಯೌವನಕ್ಕೆ ಕಾರಣವೆಂದು ಸಿದ್ಧಪಟ್ಟಿಲ್ಲ. ಹ್ಯಾಮ್‌ಸ್ಟರಿನ ಕಥೆಯನ್ನು ಕೇಳಿ ಮೆಲಟೋನಿನ್ ಪುಂಸ್ತ್ವನಾಶಕವೆಂದು ಹೆದರುವುದೂ, ಟಗರಿನ ಕಥೆಯನ್ನು ಕೇಳಿ ಅದು ಪುಂಸ್ತ್ವವರ್ಧಕವೆಂದು ನುಂಗುವುದೂ ಒಂದೇ ಬಗೆಯ ಅವಿವೇಕ. ನಿದ್ರೆಗೆಂದು ಮಾರುವ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು.

ವಿದ್ಯಾರ್ಥಿಗಳಿಗೊಂದು ಅಭ್ಯಾಸ

ಮೇಲೆ ಹೇಳಿದುದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ನಿಮ್ಮ ಊರಿನಲ್ಲಿ ಪರಿಚಯವಿರುವ ಕುರಿಗಾರರೊಬ್ಬರ ಹಿಂಡಿನಲ್ಲಿ ಪ್ರತಿ ತಿಂಗಳು ಎಷ್ಟು ಮರಿಗಳು ಹುಟ್ಟಿದುವೆಂದು ಎರಡು ಮೂರು ವರ್ಷ ಬರೆದಿಡಿರಿ. ಪ್ರತಿಯೊಂದರಿಂದಲೂ ಐದು ತಿಂಗಳು ಹಿಂದಕ್ಕೆ ಎಣಿಸಿದರೆ ಕೂಡಿಕೆಯ ತಿಂಗಳು ಸಿಗುತ್ತದೆ. ಪಂಚಾಂಗದಲ್ಲಿರುವ ಸೂರ್ಯೋದಯ ಸೂರ್ಯಾಸ್ತಗಳಿಂದ ಇರುಳಿನ ಉದ್ದವನ್ನು ಲೆಕ್ಕಹಾಕಿರಿ. ತಾಲ್ಲೂಕಿನ ಮಳೆಯ ಅಂಕಿಗಳನ್ನೂ ಪಡೆಯಿರಿ. ಮೂರನ್ನೂ ಒಂದೇ ಚೌಕುಳಿ ಕಾಗದದ ಮೇಲೆ ಗುರುತಿಸಿರಿ.

ಒಂದೇ ವರ್ಷದ ನಕ್ಷೆಯಿಂದ ತೀರ್ಮಾನ ಸಾಧ್ಯವಿಲ್ಲ. ಏಕೆಂದರೆ ಮುಂಗಾರು ಬರುವುದೂ ಇರುಳು ಅತ್ಯಂತ ಚಿಕ್ಕದಾಗಿರುವುದೂ ಒಂದೇ ಜೂನ್ ತಿಂಗಳಿನಲ್ಲಿ. ಮಳೆ ತಡವಾದ ವರ್ಷಕ್ಕಾಗಿ ಕಾಯಬೇಕು. ಆ ವರ್ಷ ಕೂಡಿಕೆಯ ಕಾಲವೂ ಮಳೆಯೊಡನೆ ಹಿಂದಕ್ಕೆ ಸರಿದರೆ ನಿಮ್ಮ ಹಿಂಡು ಮೇವನ್ನು ಅನುಸರಿಸುತ್ತಿದೆಯೆಂದು ಅರ್ಥ. ಸರಿಯದೆ ಅದೇ ತಿಂಗಳಿನಲ್ಲಿ ನಿಂತರೆ, ನಮ್ಮ ಟಗರಿನ ಮಿದುಳು ಒಂದೂಮುಕ್ಕಾಲು ಗಂಟೆಯ ಆ ಅಲ್ಪ ವ್ಯತ್ಯಾಸವನ್ನೂ ಓದುತ್ತಿದೆಯೆಂದು ಶಂಕಿಸಲು ಕಾರಣ ದೊರೆಯುತ್ತದೆ. ಎರಡರಲ್ಲಿ ಯಾವುದಾದರೂ ಅದು ಹೊತ್ತಗೆಯಿಂದ ಪಡೆದ ಉತ್ತರವಾಗಿರದೆ ನೀವೇ ಕಂಡುಕೊಂಡ ಉತ್ತರವಾಗಿರುತ್ತದೆ.